ಸಾರ್ಜೆಂಟ್ ಯಾನೆಕ್‌ನ ಗಂಟಲು

ಸೌತ್ ಕ್ಯಾರೊಲಿನಾದ ಕಡಲಂಚಿನ ಆ ಸೈನಿಕ ತರಬೇತಿ ಶಿಬಿರದಲ್ಲಿ ಸಾರ್ಜೆಂಟ್ ವಾಲ್ಟರ್ ಯಾನೆಕ್‌ನದು ಒಂದೇ ಬಡಾಯಿ: "ನನ್ನ ಗಂಟಲು ಕೈಕೊಟ್ಟ ದಿನ ಸಮುದ್ರ ಬತ್ತುತ್ತೆ." ಅವನು ಕವಾಯತು ಮೈದಾನದಲ್ಲಿ 'ನಿಲ್' ಎಂದು ಕೂಗಿದರೆ ಮೂರು ಮೈಲಿ ಆಚೆ ಸೀಗಡಿ ದೋಣಿಗಳು ನಿಂತುಬಿಡುತ್ತಿದ್ದವು. ಹಾಗೆ ನಿಂತ ದೋಣಿಯೊಂದು ಇನ್ನೂ ಅಲ್ಲೇ ಇದೆ ಎನ್ನುವವರಿದ್ದಾರೆ.

ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಯ ಕೂಲಿಯವನ ಮಗ ಅವನು. ಒಂಬತ್ತು ಮಕ್ಕಳ ಮನೆ. ಜೋರಾಗಿ ಕೂಗಿದವನಿಗಷ್ಟೇ ಆಲೂಗಡ್ಡೆ. ಮುಂದೆ ಕೊರಿಯಾ ಯುದ್ಧದ ಚಳಿಗೆ ಎರಡು ಕಾಲ್ಬೆರಳು ಕೊಟ್ಟು ಬಂದ, ಗಂಟಲನ್ನು ಮಾತ್ರ ಕೊಡಲಿಲ್ಲ. ಅವನು ಮನೆಯಲ್ಲಿ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಾರೆ ಎಂದು ಹೆಂಡತಿ ಡೊಲೋರಿಸ್ ಹೇಳುತ್ತಿದ್ದಳು.

ಸಾವಿರದ ಒಂಬೈನೂರ ಅರವತ್ತನಾಲ್ಕರ ಬೇಸಗೆಯಲ್ಲಿ ತರಬೇತಿಗೆಂದು ಅವನ ಪಾಲಿಗೆ ಬಂದವನು ಲೆಮ್ ಸ್ಟ್ರೌಡ್, ಅಲಬಾಮಾದ ಗುಡ್ಡದವನು. ಬಾಗಿಲಿಗಿಂತ ಎತ್ತರದ ಆಳು, ಹಾಲಿನಂಥ ಮನಸ್ಸು. ಧ್ವಜಸ್ತಂಭವನ್ನು ಯಾರೋ ಕದಿಯಲಿದ್ದಾರೆ, ಕಾವಲು ನಿಲ್ಲು ಎಂದು ಅಡುಗೆಮನೆಯ ಕಿಲಾಡಿಗಳು ಕಿವಿಯಲ್ಲಿ ಊದಿದ್ದಕ್ಕೆ ಇಡೀ ಭಾನುವಾರ ಅದನ್ನು ತಬ್ಬಿಕೊಂಡು ನಿಂತಿದ್ದ.

ಯಾನೆಕ್ ಅವನನ್ನು ಕರೆಸಿ ಬುದ್ಧಿ ಹೇಳಿದ. "ಅಪ್ಪಣೆ ಅನ್ನೋದು ನನ್ನೊಬ್ಬನ ಗಂಟಲಿಂದ ಬರುತ್ತೆ, ಕಿವಿ ಹರಿಯೋ ಹಾಗೆ ಬರುತ್ತೆ. ಮೆಲ್ಲಗೆ ಹೇಳಿದ್ದು ಅಪ್ಪಣೆ ಅಲ್ಲ. ದೇಶದ ಅಧ್ಯಕ್ಷರೇ ಬಂದು ಪಿಸುಗುಟ್ಟಿದ್ರೂ ಅಲ್ಲಾಡಬೇಡ. ತಿಳೀತೇನೋ, ಹೇಸರಗತ್ತೆ?"

ಲೆಮ್ ತಿಳಿಯಿತು ಎಂದ. ಎಡವಟ್ಟಾದದ್ದು ಅಲ್ಲೇ. ಅವನಿಗೆ ಒಂದು ಮಾತು ತಿಳಿದರೆ ಕೊನೆಯ ಅಕ್ಷರದವರೆಗೂ ತಿಳಿಯುತ್ತಿತ್ತು.

ಗ್ರೆನೇಡ್ ಎಸೆತದ ದಿನ ಯಾನೆಕ್ ಬೆಳಗಿನಿಂದ ಎಪ್ಪತ್ತು ಜನರಿಗೆ ಕೂಗಿದ್ದ. ಕೊನೆಯವನು ಲೆಮ್. ಮರಳುಚೀಲದ ಗುಂಡಿಯೊಳಗೆ ಇಬ್ಬರೇ. "ಪಿನ್ ಕೀಳು" ಎಂದ ಯಾನೆಕ್. ಲೆಮ್ ಕಿತ್ತ. ಇನ್ನು ಗ್ರೆನೇಡಿನ ಪಕ್ಕದ ಲಿವರನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಕ್ಷೇಮ. ಬೆರಳು ಸಡಿಲವಾದರೆ ಐದು ಎಣಿಸುವುದರೊಳಗೆ ಇಬ್ಬರೂ ಮರಳಿನ ಲೆಕ್ಕ.

"ಎಸಿ" ಎನ್ನಲು ಯಾನೆಕ್ ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ.

ಮತ್ತೆ ತೆರೆದ. ತೂತುಬಿದ್ದ ತಿದಿಯ ಹಾಗೆ ಸುಯ್ಯೆಂದಿತು. ಲೆಮ್ ಅವನ ತುಟಿಯನ್ನೇ ನೋಡುತ್ತ ಕಂಬದಂತೆ ನಿಂತಿದ್ದ. ಕಾವಲು ಗೋಪುರದಿಂದ ಕ್ಯಾಪ್ಟನ್ ಅಥರ್ಟನ್, "ಎಸಿ, ಎಸಿ" ಎಂದು ಮೆಗಾಫೋನಿನಲ್ಲಿ ಅರಚಿದರು. ದನಿ ಜೋರಾಗಿಯೇ ಇತ್ತು, ಆದರೆ ಗಂಟಲು ಸಾರ್ಜೆಂಟರದಲ್ಲ. ಲೆಮ್ ಕದಲಲಿಲ್ಲ.

ಯಾನೆಕ್ ಪಿನ್ನಿಗಾಗಿ ಮರಳು ಕೆದಕಿದ. ಸಿಗಲಿಲ್ಲ. ತಲೆಯೆತ್ತಿದರೆ ಲೆಮ್‌ನ ಹೆಬ್ಬೆರಳು ಬಿಳಿಚಿಕೊಂಡಿತ್ತು, ಅದರ ಗೆಣ್ಣಿನ ಮೇಲೆ ಒಂದು ಮರಳುನೊಣ ಕೂತು ಆರಾಮವಾಗಿ ರಕ್ತ ಹೀರುತ್ತಿತ್ತು. ಆ ಊರಿನ ನೊಣಗಳು ಬೂಟನ್ನೇ ಕಚ್ಚಿ ತಿನ್ನುವಂಥವು. ಹೆಬ್ಬೆರಳು ಮೆಲ್ಲಗೆ ನಡುಗತೊಡಗಿತು. ಯಾನೆಕ್ ಹಾರಿ ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಅದುಮಿ ಹಿಡಿದ. ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ, ಕಾಲಡಿ ಸಿಕ್ಕ ಕಪ್ಪೆಯಂತೆ ಹೊರಡಿಸಿದ: "ಎ...ಸಿ."

"ಇದು ಅಪ್ಪಣೇನಾ ಸಾರ್? ಕಿವಿ ಹರೀಲಿಲ್ಲ, ಅದಕ್ಕೆ ಕೇಳ್ದೆ."

ಯಾನೆಕ್ ಕತ್ತು ಮುರಿಯುವಷ್ಟು ಹೌದೆಂದು ತಲೆಯಾಡಿಸಿದ.

"ಹಂಗಾದ್ರೆ ನನ್ನ ಕೈ ಬಿಡಿ ಸಾರ್."

ಬಿಡಬೇಕೆಂದು ಯಾನೆಕ್‌ಗೂ ಇತ್ತು. ಬೆರಳುಗಳೇ ಒಪ್ಪಲಿಲ್ಲ. ಅವು ಒಂದಕ್ಕೊಂದು ಹೆಣೆದುಕೊಂಡು ಮರಗಟ್ಟಿದ್ದವು. ಲೆಮ್ ಎಡಗೈಯಿಂದ ಅವನ್ನು ಒಂದೊಂದಾಗಿ ಬಿಡಿಸಿದ, ಹೇಸರಗತ್ತೆಯ ಗೊರಸಿನಿಂದ ಕಲ್ಲು ತೆಗೆಯುವವನ ನಿಧಾನದಲ್ಲಿ. ಏಳನೆಯದಕ್ಕೆ ಯಾನೆಕ್ ಕಣ್ಣು ಮುಚ್ಚಿದ. ಹತ್ತನೆಯದು ಬಿಟ್ಟಿತು. ಲೆಮ್ ಬೀಸಿ ಎಸೆದು, ಸಾರ್ಜೆಂಟನನ್ನು ಎಳೆದು ಕೆಡವಿ ಮೇಲೆ ಬಿದ್ದ. ನೆಲ ಎಗರಿತು. ಇಬ್ಬರ ಬೆನ್ನ ಮೇಲೂ ಮರಳಿನ ಮಳೆ.

ಕ್ಯಾಪ್ಟನ್ ಓಡಿ ಬಂದರು. ಗುಂಡಿಯಲ್ಲಿ ಮರಗಟ್ಟಿ ನಿಂತವನು ಯಾರು, ಅವನು ಇವತ್ತೇ ಗಂಟುಮೂಟೆ ಕಟ್ಟಿ ಹೊರಡಬೇಕು ಎಂದರು. ಯಾನೆಕ್ ತನ್ನ ಎದೆಗೆ ಬೆರಳು ತೋರಿಸಿಕೊಳ್ಳಲು ಕೈ ಎತ್ತಿದ. ಅದು ಎದೆ ಮುಟ್ಟುವ ಮೊದಲೇ ಲೆಮ್ ಸೆಟೆದು ನಿಂತ.

"ಯಾರೂ ಇಲ್ಲ ಸಾರ್. ಸಾರ್ಜೆಂಟ್ರು ಮೆಲ್ಲಗೆ ಮಾತಾಡೋದು ಕಲೀತಿದ್ರು. ಮೊದಲ್ನೇ ದಿನ ಅಲ್ವಾ, ಸ್ವಲ್ಪ ಹೊತ್ತು ಹಿಡೀತು."