ದಬ್ಬೆ ಕಟ್ಟುವ ಮುನಿರಾಜಪ್ಪ

ಹಲಸೂರಿನ ಮುನಿರಾಜಪ್ಪನಿಗೆ ಮುರಿದ ಮೂಳೆ ಕೂಡಿಸುವ ಕೈ ತಂದೆಯಿಂದ ಬಂದದ್ದು, ಕೋಪ ಮಾತ್ರ ಸ್ವಂತದ್ದು. ಜಾರಿ ಬಿದ್ದವರು ಬಂದರೆ ಎಣ್ಣೆ ಸವರಿ, ಬಿದಿರಿನ ದಬ್ಬೆ ಇಟ್ಟು, ಮಾತಿಲ್ಲದೆ ಕಟ್ಟುತ್ತಾನೆ. ಕಾರು ಗುದ್ದಿದವರು ಬಂದರೆ ಮಾತ್ರ ಬಾಗಿಲಿಗೇ ಅಡ್ಡ ನಿಂತು, ಕೆರೆಯ ಕೊಕ್ಕರೆಗಳೂ ಎದ್ದು ಹಾರುವಂತೆ ಕೂಗುತ್ತಾನೆ: "ಆಸ್ಪತ್ರೆ ಚೀಟಿ ಎಲ್ಲಯ್ಯಾ? ಎಕ್ಸ್‌ರೇ ಎಲ್ಲಿ?" "ಅಣ್ಣಾ, ನೋವು ತಡಿಯಕ್ಕಾಗ್ತಿಲ್ಲ, ಮೊದ್ಲು ಕಟ್ಬಿಡಿ" ಎಂದು ಬಂದವನು ಗೋಳಿಡುತ್ತಾನೆ. "ನಾನು ಕಟ್ಟಿದ್ರೆ ಮೂಳೆ ಕೂಡುತ್ತೆ ಗುರು, ಕೇಸು ಮುರಿಯುತ್ತೆ! ಜಡ್ಜು ನನ್ ದಬ್ಬೆ ನೋಡಿ ಪರಿಹಾರ ಕೊಡ್ತಾರಾ? ನಡಿ ಆಸ್ಪತ್ರೆಗೆ!" ಎಂದು ಬೈಯುತ್ತಲೇ ಆಟೋ ಕರೆದು, ಮಗುವನ್ನು ಮಲಗಿಸುವ ಹಾಗೆ ಹತ್ತಿಸುತ್ತಾನೆ. ಹಾಗೆ ಹೋದವರು ಬಹಳಷ್ಟು ಜನ ಮತ್ತೆ ಇತ್ತ ತಲೆ ಹಾಕುವುದಿಲ್ಲ. ಹಿಂದೊಮ್ಮೆ ಅವನ ಮಗಳು ತೇಜಶ್ರೀಗೆ ಕೆ.ಆರ್. ಪುರದಲ್ಲಿ ಕಾರು ಗುದ್ದಿ ಕಾಲು ಮುರಿದಾಗ, "ನನ್ ಮಗಳಿಗೆ ಆಸ್ಪತ್ರೆ ಯಾಕೆ?" ಎಂದು ತಾನೇ ಕಟ್ಟಿದ್ದ. ನಾಲ್ಕು ತಿಂಗಳು ಮಲಗಿ, ಗಾರ್ಮೆಂಟ್ಸ್ ಕೆಲಸ ಕಳೆದುಕೊಂಡ ಅವಳು ಪರಿಹಾರ ಕೇಳಲು ಹೋದರೆ, ಕಾಲು ಮುರಿದಿತ್ತು ಎನ್ನುವುದಕ್ಕೆ ಒಂದು ಕಾಗದವೂ ಇರಲಿಲ್ಲ. ಅರ್ಜಿ ವಜಾ ಆಯಿತು. ಈಗ ದಿನಾ ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದು ಚೂರೂ ಕುಂಟದೆ ನೆಟ್ಟಗೆ ನಡೆದು ಬರುವಾಗ, ಮುನಿರಾಜಪ್ಪ ಆ ಕಾಲನ್ನು ನೋಡಲಾರದೆ ತಲೆ ತಗ್ಗಿಸಿ ದಬ್ಬೆ ಹೆರೆಯುತ್ತಿರುತ್ತಾನೆ.