ಮಿಠಾಯಿಯ ಮೇಲಿನ ತೆರಿಗೆ

ನಮ್ಮ ಮನೆಯಲ್ಲಿ ಅರಸನ ಆಳ್ವಿಕೆ ನೆಟ್ಟಗೆ ನಡೆದ ಕೊನೆಯ ದಿನ ಒಂದು ಶನಿವಾರ. 2014ರ ಸುಮಾರಿನ ಮಾತು. ಅರಸ ಅಂದರೆ ನನ್ನ ಗಂಡ, ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ಲಾರಿ ಕಾರ್ಖಾನೆಯಲ್ಲಿ ಇಂಜಿನಿಯರ್. ಕಾರ್ಖಾನೆಯಲ್ಲಿ ಅವರ ಮಾತು ಎಷ್ಟು ನಡೆಯುತ್ತಿತ್ತೋ ಗೊತ್ತಿಲ್ಲ, ಮನೆಯಲ್ಲಂತೂ ನಡೆಯುತ್ತಿತ್ತು. ಪ್ರಜೆಗಳೆಂದರೆ ನಾನು ಮತ್ತು ಏಳನೇ ತರಗತಿಯ ಮಗಳು.

ಇಲ್ಲಿ ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರ. ಅದೇನೂ ಕಾನೂನಲ್ಲ, ಆದರೆ ಕಾನೂನಿಗಿಂತ ಗಟ್ಟಿ. ವಾರವೆಲ್ಲ ಕಾದ ಮಕ್ಕಳು ಅಂಗಡಿಯ ಡಬ್ಬಗಳ ಮುಂದೆ ಸಣ್ಣ ಸೌಟು ಹಿಡಿದು ನಿಂತು, ಆರಿಸಿ ಆರಿಸಿ ಕಾಗದದ ಚೀಲಕ್ಕೆ ತುಂಬಿಕೊಳ್ಳುತ್ತಾರೆ. ನನ್ನ ಗಂಡನಿಗೆ ಈ ಪದ್ಧತಿ ಬಹಳ ಹಿಡಿಸಿತ್ತು, ವಸೂಲಿಗೆ ಅನುಕೂಲ ಅಂತ. ಅವರ ಕಾಯ್ದೆ ಇಷ್ಟು: ಊಟದ ಮೇಜಿನಲ್ಲಿ ಕನ್ನಡವನ್ನೇ ಆಡಬೇಕು. ಸ್ವೀಡಿಷ್ ಪದ ಬಾಯಿಂದ ಬಿದ್ದರೆ, ಬಿದ್ದ ಪದಕ್ಕೊಂದು ಮಿಠಾಯಿ ತೆರಿಗೆ.

ಆ ಶನಿವಾರ ಮಗಳು ಚೀಲ ತೆರೆದಳು, ಇವರು ಕೈ ಚಾಚಿದರು.

"ಬುಧವಾರ 'ಮೆಲ್ಲನ್‌ಮೋಲ್' ಅಂದೆ. ಸಂಜೆ ತಿಂಡಿ ಅನ್ನೋಕೆ ಏನಮ್ಮಾ ಕಷ್ಟ ನಿನಗೆ?" ಒಂದು ಹುಳಿ ಮಿಠಾಯಿ ಹೋಯಿತು. "ಗುರುವಾರ 'ಪ್ರೋವ್'. ಪರೀಕ್ಷೆ ಅನ್ನಬಹುದಿತ್ತು." ಇನ್ನೊಂದು ಹೋಯಿತು.

"ಓರೆಟ್‌ವಿಸ್ತ್!" ಎಂದು ಮಗಳು ಕಿರುಚಿದಳು. ಅನ್ಯಾಯ ಅಂತ.

"ಅದಕ್ಕೂ ಒಂದು," ಎಂದು ಇವರು ಮತ್ತೆ ಚೀಲಕ್ಕೆ ಕೈ ಹಾಕಿದರು. ಉಪ್ಪು ಹಾಕಿದ ಕಪ್ಪು ಮಿಠಾಯಿಯನ್ನು ಮಾತ್ರ ಅರಸರು ಮುಟ್ಟುತ್ತಿರಲಿಲ್ಲ, ಔಷಧಿ ತಿಂದ ಹಾಗೆ ಮುಖ ಮಾಡುತ್ತಿದ್ದರು. ಮಗಳಿಗೋ ಅದು ಇಷ್ಟ. ಅದಕ್ಕೇ ಅವಳು ಚೀಲದಲ್ಲಿ ಅದನ್ನೇ ಹೆಚ್ಚು ತುಂಬಿಸಿಕೊಂಡು ಬರುವುದನ್ನು ಕಲಿತಿದ್ದಳು.

ಮರುವಾರ ಶಾಲೆಯಲ್ಲಿ ಅಮೆರಿಕದ ಕ್ರಾಂತಿಯ ಪಾಠ ಶುರುವಾಯಿತು.

ನಾನು ಪಿಯುಸಿ ತನಕ ಓದಿದವಳು, ಆ ಕ್ರಾಂತಿ ನನಗೆ ಪರೀಕ್ಷೆ ಮುಗಿದ ದಿನವೇ ಮರೆತುಹೋಗಿತ್ತು. ಚಪಾತಿ ಲಟ್ಟಿಸುತ್ತಿದ್ದಾಗ ಮಗಳು ಪಕ್ಕದಲ್ಲಿ ನಿಂತು ಹೇಳಿದಳು: ಸಮುದ್ರದಾಚೆ ಇಂಗ್ಲೆಂಡಿನಲ್ಲಿ ಕೂತ ರಾಜ ಅಮೆರಿಕದವರ ಕಾಗದಕ್ಕೆ ತೆರಿಗೆ ಹಾಕಿದ, ಚಹಾಕ್ಕೆ ಹಾಕಿದ, ಕಾವಲಿಗೆ ಸೈನಿಕರನ್ನೂ ಕಳಿಸಿದ. "ಕೊಡೋಕಾಗಲ್ಲ ಅಂತ ಅಲ್ಲಮ್ಮ ಅವರಿಗೆ ಕೋಪ. ಅವರನ್ನ ಯಾರೂ ಕೇಳಲೇ ಇಲ್ಲ. ಕಾನೂನು ಮಾಡೋ ಸಭೆಯಲ್ಲಿ ಅವರ ಕಡೆಯವರು ಒಬ್ಬರೂ ಇರಲಿಲ್ಲ." ಹೇಳುತ್ತ ಹೇಳುತ್ತ ಅವಳ ಕಣ್ಣು ಊಟದ ಮೇಜಿನ ಕಡೆ ತಿರುಗಿತು. ಏನೋ ಹೊಳೆದಿತ್ತು.

ರಾತ್ರಿ ಊಟದಲ್ಲಿ ಅಹವಾಲು ಮಂಡನೆಯಾಯಿತು.

"ಅಪ್ಪ, ನಿನ್ನೆ ನೀವು ಇಲ್ಲಿ ಕೂತು ಏನಂದ್ರಿ? 'ಮೀಟಿಂಗ್ ಲೇಟ್ ಆಯ್ತು, ಟ್ರೈನ್ ಮಿಸ್ ಆಯ್ತು, ಫುಲ್ ಟೆನ್ಷನ್.' ಇದರಲ್ಲಿ ಕನ್ನಡ ಯಾವುದು?"

"ಆಯ್ತು," ಎಂದೆ ನಾನು.

"ನೀನು ಸುಮ್ಮನಿರೇ," ಎಂದರು ಇವರು. "ಅದೆಲ್ಲ ಕನ್ನಡಾನೇ. ಬೆಂಗಳೂರಲ್ಲಿ ಎಲ್ಲರೂ ಹಾಗೇ ಮಾತಾಡೋದು."

"ಅದು ಇಂಗ್ಲಿಷ್. ಇಂಗ್ಲೆಂಡಿನ ಮಾಲಿಗೆ ತೆರಿಗೆ ಇಲ್ಲ, ನನ್ನ ಮಾಲಿಗೆ ಮಾತ್ರ ಇದೆ. ಅವರು ನಮ್ಮನ್ನೂ ಆಳಿದ್ರು ಅಂತ ನೀವೇ ಹೇಳಿದ್ದು."

"ನಾವು ಅವರನ್ನ ಓಡಿಸಿದ್ವಿ ಕಣೇ!"

"ಮತ್ತೆ ಅವರ ಮಾತಿಗೆ ಯಾಕೆ ಮರ್ಯಾದೆ?"

ಇವರು ಅನ್ನ ಕಲಸುವುದನ್ನು ನಿಲ್ಲಿಸಿದರು. ಅರಸರಾದವರು ಕೊನೆಗೆ ಏನು ಹೇಳುತ್ತಾರೋ ಅದನ್ನೇ ಹೇಳಿದರು: "ಈ ಮೇಜಿನ ಕಾನೂನು ಮಾಡೋನು ನಾನು."

ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತಾರೆ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಲ್ಲ. ಮಗಳು ತಲೆಗೆ ನನ್ನ ಶಾಲು ಸುತ್ತಿಕೊಂಡು ಸಿಂಕಿನ ಪಕ್ಕ ನಿಂತಿದ್ದಳು. ವೇಷ ಮರೆಸಿಕೊಳ್ಳಬೇಕಂತೆ, ತೆರಿಗೆಯ ಚಹಾವನ್ನು ಸಮುದ್ರಕ್ಕೆ ಚೆಲ್ಲುವಾಗ ಅಮೆರಿಕದವರೂ ಹಾಗೇ ಮಾಡಿದ್ದರಂತೆ. ಬೆಂಗಳೂರಿನಿಂದ ಸೀರೆಗಳ ನಡುವೆ ಸುತ್ತಿ ತಂದ ಪುಡಿ, ಅದೂ ಡಬ್ಬದ ತಳದ್ದು, ಸೋಡರ್‌ಟೆಲ್ಯೆಯ ಚರಂಡಿ ಸೇರಿತ್ತು. ಇವರು ಸಿಂಕಿಗೆ ಬಗ್ಗಿ ವಾಸನೆ ನೋಡಿದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ.

ಅರಸರು ವೈಫೈ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಬಂದರು ಮುಚ್ಚಿದೆ," ಎಂದು ಸಾರಿದರು. ಚಹಾ ಚೆಲ್ಲಿದ ಊರಿಗೆ ರಾಜ ಮಾಡಿದ್ದೂ ಅದನ್ನೇ ಅಂತೆ, ಅವರೂ ಪಾಠ ಓದಿಕೊಂಡಿದ್ದರು ಅಂತ ಕಾಣುತ್ತದೆ.

ಅಲ್ಲಿಯವರೆಗೆ ನಾನು ಯಾರ ಕಡೆಯೂ ಇರಲಿಲ್ಲ. ಆದರೆ ಭಾನುವಾರವೇ ನಾನು ಅಕ್ಕನನ್ನು ವಿಡಿಯೋದಲ್ಲಿ ನೋಡುವುದು. ಕಾಫಿ ಚೆಲ್ಲಿದವಳು ಮಗಳು, ಶಿಕ್ಷೆ ನನಗೂ. "ಬೀಗ ತೆಗೀರಿ," ಎಂದೆ. "ಆಜ್ಞೆ ಆಜ್ಞೆಯೇ," ಎಂದರು. ಸರಿ, ನಾನು ಮಗಳ ಕೋಣೆಗೆ ಹೋಗಿ ಕೂತೆ. ಬಂಡಾಯದ ಸೈನ್ಯಕ್ಕೆ ಅಡುಗೆಮನೆ ಸೇರಿತು. ಮಧ್ಯಾಹ್ನ ಅರಸರು ಬ್ರೆಡ್ಡು ತಿಂದರು.

ಇಷ್ಟಾದರೂ ಆಟವೇ. ಸೋಮವಾರದಿಂದ ಮಾತ್ರ ಅದು ಬೇರೆ ಬಣ್ಣಕ್ಕೆ ತಿರುಗಿತು. ಮಗಳು ಅಪ್ಪನ ಜೊತೆ ಕನ್ನಡ ಆಡುವುದನ್ನೇ ನಿಲ್ಲಿಸಿದಳು. ಅಮೆರಿಕದವರು ಇಂಗ್ಲೆಂಡಿನ ಬಟ್ಟೆ ಕೊಳ್ಳುವುದನ್ನು ಬಿಟ್ಟ ಹಾಗೆ. ಏನು ಕೇಳಿದರೂ ಸ್ವೀಡಿಷ್‌ನಲ್ಲೇ ಉತ್ತರ, ಅದೂ ಬೇಕೆಂತಲೇ ವೇಗವಾಗಿ. ಕಾರ್ಖಾನೆಯಲ್ಲಿ ಇಂಗ್ಲಿಷ್ ಸಾಕಾಗುತ್ತಿದ್ದುದರಿಂದ ಇವರಿಗೆ ಸ್ವೀಡಿಷ್ ಅಷ್ಟಕ್ಕಷ್ಟೆ. ನಾನು ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಪುಟ್ಟ ಮಕ್ಕಳಿಗೆ ಊಟ ಬಡಿಸುವವಳು. ನನ್ನ ಸ್ವೀಡಿಷ್ 'ಬಾ, ಕೂತ್ಕೋ, ಮೂಗು ಒರೆಸ್ಕೋ' ಎಂಬಲ್ಲಿಗೆ ಮುಗಿಯುತ್ತಿತ್ತು. ಅವಳು ಅಪ್ಪನಿಗೆ ಏನೋ ಹೇಳುತ್ತಿದ್ದಳು, ಅವರು ಅವಳ ತುಟಿಯನ್ನೇ ನೋಡುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಕೇಳುವುದನ್ನೇ ಕಡಿಮೆ ಮಾಡಿದರು.

ಒಗೆದ ಬಟ್ಟೆ ಮಡಿಸುತ್ತ ನನ್ನನ್ನು ಕೇಳಿದರು: "ಇವಳು ಹೀಗೇ ನಿಲ್ಲಿಸಿಬಿಟ್ಟರೆ? ಮುದುಕ ಆದಮೇಲೆ ನಾನು ನನ್ನ ಮಗಳ ಹತ್ರ ಯಾವ ಭಾಷೆಯಲ್ಲಿ ಜಗಳ ಆಡಲಿ?"

"ಕೇಳಿ ನೋಡಿ ಅವಳನ್ನೇ," ಎಂದೆ.

ಮುಂದಿನ ಭಾನುವಾರ ದಾಲ್ಚಿನ್ನಿ ಬನ್ನು ತಂದು, ಫೀಕಾಕ್ಕೆ ಬಾ ಎಂದು ಮಗಳನ್ನು ಕರೆದರು. ಕಾಫಿ, ಬನ್ನು, ಮಾತು, ಈ ದೇಶದಲ್ಲಿ ಎಲ್ಲ ಸಂಧಾನವೂ ಹಾಗೇ ನಡೆಯುವುದು. ಕಾಫಿ ಇಲ್ಲಿನ ಅಂಗಡಿಯದು. ಅರಸರು ಒಂದು ಗುಟುಕು ಕುಡಿದು, "ಇದನ್ನ ಬೇಕಾದ್ರೆ ಚೆಲ್ಲು," ಎಂದರು. ಮಗಳು ನಗು ತಡೆದುಕೊಂಡಳು. ನನಗೆ ಕಂಡಿತು.

"ಏನು ಬೇಕು ನಿನಗೆ?" ಎಂದು ಕೇಳಿದರು.

"ಮತ," ಎಂದಳು. ಕನ್ನಡದಲ್ಲೇ. "ನನಗೊಂದು, ಅಮ್ಮನಿಗೊಂದು, ನಿಮಗೊಂದು. ಎರಡು ಕೈ ಎದ್ದರೆ ಕಾನೂನು."

"ಹಾಗಾದ್ರೆ ಮುಗೀತು ನನ್ನ ಕಥೆ. ನೀವಿಬ್ಬರೂ ಒಂದೇ ಪಕ್ಷ." ಆದರೂ ಒಪ್ಪಿದರು. ಮೊದಲ ಮತಕ್ಕೆ ಅವರೇ ಹಾಕಿದ ಪ್ರಶ್ನೆ, ಮೇಜಿನಲ್ಲಿ ಕನ್ನಡ ಇರಲೋ ಬೇಡವೋ. ಕೇಳುವಾಗ ಅವರ ಕಣ್ಣು ಬನ್ನಿನ ಮೇಲಿತ್ತು. ಎಲ್ಲರಿಗಿಂತ ಮೊದಲು ಎದ್ದ ಕೈ ಮಗಳದು.

"ಮತ್ತೆ ಇಷ್ಟೆಲ್ಲ ಯಾಕೆ ಮಾಡಿದೆ?"

"ನೀವು ಕೇಳಲೇ ಇಲ್ಲವಲ್ಲ."

ಎರಡನೆಯ ಕಾನೂನು ಇಂಗ್ಲಿಷಿಗೂ ತೆರಿಗೆ. ಎರಡು ಕೈಗಳಿಂದ ಪಾಸಾಯಿತು. ಮಾಜಿ ಅರಸರ ಪಾಡು ನೋಡುವಂತಿತ್ತು. "ಇವತ್ತು ನಮ್ಮ... ನಮ್ಮ... ಜನ ಎಲ್ಲ ಸೇರಿ ಕೂತಿದ್ದು ಬಹಳ ಹೊತ್ತಾಯ್ತು. ಆಮೇಲೆ ಆ... ಕಂಬಿ ಮೇಲಿನ ಗಾಡಿ ತಪ್ಪಿ ಹೋಯ್ತು." ಶನಿವಾರ ಅವರೂ ಚೀಲ ಹಿಡಿದು ಅಂಗಡಿಗೆ ಹೋಗಬೇಕಾಯಿತು. ತೆರಿಗೆ ಕೊಡಲು ಕಪ್ಪು ಮಿಠಾಯಿಯನ್ನೇ ತುಂಬಿಸಿಕೊಂಡು ಬಂದರು. ಅದು ಮಗಳಿಗೆ ಇಷ್ಟ ಎಂಬುದನ್ನು ಮರೆತಿದ್ದರು, ಅಥವಾ ಮರೆತಿರಲಿಲ್ಲ.

ಈ ಹೊಸ ದೇಶ ಒಂದು ಚಳಿಗಾಲ ಬಾಳಿತು. ಹಿಮ ಕರಗುವ ಹೊತ್ತಿಗೆ, ಒಂದು ಬೆಳಿಗ್ಗೆ, ಅವರು ಕಾರ್ಖಾನೆಯಲ್ಲಿ ಕುಸಿದುಬಿದ್ದರು. ಆಸ್ಪತ್ರೆಯ ವೈದ್ಯೆ ನಿಧಾನವಾಗಿಯೇ ಹೇಳಿದರು, ಆದರೆ ದಾಗಿಸ್‌ನ ಮಾತು ನನಗೆ ಅಲ್ಲಿ ಸಾಲಲಿಲ್ಲ. ಮಗಳು ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದಳು: "ಅಪ್ಪನ ಎದೆ ಬಡಿತ ನಿಂತುಹೋಯ್ತಂತೆ ಅಮ್ಮ. ಮತ್ತೆ ಶುರು ಮಾಡೋಕೆ ತುಂಬಾ ಪ್ರಯತ್ನಪಟ್ಟರಂತೆ. ಆಗಲಿಲ್ಲವಂತೆ." ಅದರಲ್ಲಿ ತೆರಿಗೆ ಕೊಡಬೇಕಾದ ಪದ ಒಂದೂ ಇರಲಿಲ್ಲ.

ಖಾಯಂ ವಾಸದ ಅನುಮತಿ ನಮಗೆ ಮೊದಲೇ ಸಿಕ್ಕಿತ್ತು. ಹಾಗಾಗಿ ಇರುವುದೋ ಹೋಗುವುದೋ ನಮಗೇ ಬಿಟ್ಟದ್ದು. ಆ ಬೇಸಿಗೆಯಲ್ಲಿ ಮತಕ್ಕೆ ಹಾಕಿದೆವು. ನಾನು ಬೆಂಗಳೂರಿಗೆ ಎಂದು ಕೈ ಎತ್ತಿದೆ, ಅವಳು ಸೋಡರ್‌ಟೆಲ್ಯೆಗೆ. "ಇನ್ನೊಂದು ಸಲ ಹಾಕೋಣ," ಎಂದಳು. ಹಾಕಿದೆವು, ಅಷ್ಟೇ ಬಂತು. ಅವಳಿಗೆ ನಗು ಬಂತು, ನನಗೂ ಬಂತು, ಆಮೇಲೆ ಎದ್ದು ತಟ್ಟೆ ತೊಳೆದೆವು. ನಾವು ಇನ್ನೂ ಇಲ್ಲೇ ಇದ್ದೇವೆ. ಅದನ್ನು ಯಾರೂ ತೀರ್ಮಾನಿಸಿದ್ದಲ್ಲ. ಮನೆಯಲ್ಲಿ ಎರಡು ಮತಗಳಿವೆ. ಮೂರನೆಯದು ಇಲ್ಲ.