ಆಮೆನ್ ಇಲ್ಲದೆ ನಿಂತ ಪ್ರಾರ್ಥನೆ

ಅಂಗಡಿಗಳಿಗೆ ಬೋರ್ಡ್ ಬರೆದು ಜೀವನ ಮಾಡುತ್ತಿದ್ದ ಪೇಂಟರನಿಗೆ ಚರ್ಚಿನಲ್ಲಿ ‘ಪ್ಯಾಸೆಂಜರ್ ಗಾಡಿ’ ಎಂಬ ಅಡ್ಡಹೆಸರಿತ್ತು. ಸಭೆಯ ಹಿರಿಯನಾಗಿದ್ದ ಆತ ಪ್ರಾರ್ಥನೆಗೆ ನಿಂತರೆ ಸೃಷ್ಟಿಯಿಂದ ಹೊರಡುತ್ತಿದ್ದ. ಸಿಕ್ಕ ಸಿಕ್ಕ ಸ್ಟೇಷನ್ನಿನಲ್ಲಿ ನಿಂತು ದೇಶ ಆಳುವವರು, ರೋಗಿಗಳು, ಕಡಲಿಗೆ ಹೋದವರು ಎಲ್ಲರನ್ನೂ ಹತ್ತಿಸಿಕೊಂಡೇ ಆಮೆನ್ ತಲುಪುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಊಟದ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಆತ ಅದನ್ನು ಭಕ್ತಿಯೆಂದೇ ತಿಳಿದಿದ್ದ. ಹೆಂಡತಿ ಮಾತ್ರ ಗಂಡ ಕಣ್ಣು ಮುಚ್ಚಿದ ಕೂಡಲೇ ಪಾತ್ರೆಗಳಿಗೆ ಮುಚ್ಚಳ ಹಾಕಿಬಿಡುತ್ತಿದ್ದಳು.

ಒಂದು ಬೆಳಗ್ಗೆ, ತಿಂಡಿಯ ಮುಂದೆ, ಪ್ರಾರ್ಥನೆ ಕಡಲಿಗೆ ಹೋದವರ ಹತ್ತಿರ ನಿಂತಿತು. ಉಸಿರು ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡು ಹೆಂಡತಿ ಕಣ್ಣು ಮುಚ್ಚಿಯೇ ಕಾದಳು. ಕಾದು ಸಾಕಾಗಿ ಕಣ್ಣು ಬಿಟ್ಟರೆ, ಗಂಡನ ಬಾಯಿ ಒಂದು ಕಡೆಗೆ ವಾಲಿತ್ತು.

ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈಯ ಶಕ್ತಿ ಅರ್ಧ ಉಳಿಯಿತು. ಮಾತು ನಿಧಾನವಾಗಿ ಬರಬಹುದು, ಎಷ್ಟು ಬರುತ್ತದೋ ಹೇಳಲಾಗದು ಎಂದರು ಡಾಕ್ಟರು. ಮೊದಲು ಬಂದ ಮಾತು ‘ಅಪ್ಪಾ’. ಯಾವತ್ತೋ ತೀರಿಕೊಂಡ ಮಾವನವರನ್ನು ಕರೆಯುತ್ತಿದ್ದಾರೆಂದು ಹೆಂಡತಿಗೆ ಗಾಬರಿಯಾಯಿತು. ಆಮೇಲೆ ‘ನೀರು’ ಬಂತು, ‘ಬಾ’ ಬಂತು, ‘ಆಗಲ್ಲ’ ಬಂತು.

ಮನೆಗೆ ಬಂದ ದಿನ ಆತ ಊಟಕ್ಕೆ ಕುಳಿತು, ಪ್ರಾರ್ಥನೆ ಮಾಡೆಂದು ಹೆಂಡತಿಗೆ ಕೈಸನ್ನೆ ಮಾಡಿದ. ಆಕೆ ಜನ್ಮದಲ್ಲಿ ಬಾಯಿಬಿಟ್ಟು ಪ್ರಾರ್ಥಿಸಿದವಳಲ್ಲ. ಆ ಮನೆಯಲ್ಲಿ ಅದಕ್ಕೆ ಸಂದಿ ಸಿಕ್ಕಿದ್ದರೆ ತಾನೇ?

“ದೇವರೇ, ಊಟ ಕೊಟ್ಟೆ. ಇವರನ್ನ ವಾಪಸ್ ಕೊಟ್ಟೆ. ಆಮೆನ್,” ಎಂದಳು.

ಇಷ್ಟು ಬೇಗ ಊಟಕ್ಕೆ ಕೈಹಾಕಿ ಅಭ್ಯಾಸವಿರದ ಆತ ಬಾಯಿ ಸುಟ್ಟುಕೊಂಡ. ಇದೂ ಒಂದು ಪ್ರಾರ್ಥನೆಯೇ ಎಂಬಂತೆ ಹೆಂಡತಿಯನ್ನು ನೋಡಿದ.

ಅವನ ಬೋರ್ಡ್ ಅಂಗಡಿಯಲ್ಲಿ ಈಗ ದೊಡ್ಡವಳಾಗಿದ್ದ ಮಗಳು ಬ್ರಷ್ ಹಿಡಿದಳು. ಆತ ಸ್ಟೂಲಿನ ಮೇಲೆ ಕುಳಿತು ಅಕ್ಷರ ಸೊಟ್ಟಗಾದಾಗ ಕೆಮ್ಮುತ್ತಿದ್ದ. ಚರ್ಚಿಗೆ ಮಾತ್ರ ಹೋಗಲೊಲ್ಲ. ಮಾತಿಲ್ಲದೆ ದೇವರ ಮುಂದೆ ನಿಲ್ಲುವುದು ಅವನಿಗೆ ಅಂಗಿಯಿಲ್ಲದೆ ಬೀದಿಗಿಳಿದಷ್ಟೇ ನಾಚಿಕೆಯ ವಿಷಯವಾಗಿತ್ತು.

ಅಷ್ಟರಲ್ಲಿ ಮೇಲಿನ ಮಹಡಿಯ ಟೈಲರಮ್ಮನ ಗಂಡ ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ನೆಂಟರು ಹೊರಟುಹೋದರು, ಪಾಸ್ಟರು ಸಮಾಧಾನ ಹೇಳಿ ಹೋದರು. ಮರುದಿನ ಆಕೆ ಕೆಳಗಿಳಿದು ಬಂದು, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿರಲು, ಪೇಂಟರನ ಎದುರು ಕುಳಿತಳು.

“ಅಣ್ಣಾ, ಒಂದು ಪ್ರಾರ್ಥನೆ ಮಾಡಿ.”

“ಆಗಲ್ಲ,” ಎಂದ ಆತ.

“ಮುಂಚೆ ಚರ್ಚಲ್ಲಿ ನೀವು ಪ್ರಾರ್ಥನೆ ಮಾಡ್ತಿದ್ರೆ ನಾನು ನಡುವೆ ಎಲ್ಲೋ ಇಳಿದುಬಿಡ್ತಿದ್ದೆ, ತಪ್ಪು ತಿಳ್ಕೋಬೇಡಿ. ನಿನ್ನೆಯಿಂದ ನನಗೂ ಬಾಯಿಗೆ ಏನೂ ಬರ್ತಿಲ್ಲ. ನಿಮಗೆ ಗೊತ್ತಾಗುತ್ತೆ ಅಂತ ಬಂದೆ.”

ಆತ ಕಣ್ಣು ಮುಚ್ಚಿದ. ಹಳೆಯ ಪ್ರಾರ್ಥನೆಗಳಲ್ಲಿ ಒಂದು ಸಾಲಾದರೂ ಸಿಕ್ಕೀತೇ ಎಂದು ತಡಕಾಡಿದ. ಒಂದೂ ಸಿಗಲಿಲ್ಲ. ಕೊನೆಗೆ ಸರಿಯಾಗಿ ಆಡುವ ಎಡಗೈಯನ್ನು ಆಕೆಯ ತಲೆಯ ಮೇಲಿಟ್ಟ.

“ಅಪ್ಪಾ... ಇವಳು... ಬಾ.”

ಅಷ್ಟೇ ಬಂತು. ಉಳಿದದ್ದು ಅಳುವಾಗಿ ಬಂತು. ಟೈಲರಮ್ಮ ಗಂಡ ಸತ್ತ ಮೇಲೆ ಮೊದಲ ಸಲ ಅತ್ತಳು. ಬಾಗಿಲ ಬಳಿ ನಿಂತಿದ್ದ ಹೆಂಡತಿಯೇ ಆಮೆನ್ ಹೇಳಬೇಕಾಯಿತು.

ಮುಂದಿನ ಭಾನುವಾರ ಆತ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತ. ತಿಂಗಳುಗಳು ಕಳೆದಂತೆ ಮಾತು ಮುಕ್ಕಾಲು ಪಾಲು ಮರಳಿತು. ಗಿರಾಕಿಗಳೊಡನೆ ಜಗಳವಾಡುವಷ್ಟಂತೂ ಬಂತು. ಪಾಸ್ಟರು ಮತ್ತೆ ಪ್ರಾರ್ಥನೆಗೆ ಕರೆದಾಗ ಜನ ಬೆಂಚಿನಲ್ಲಿ ಅನುಕೂಲ ಮಾಡಿಕೊಂಡು ಕುಳಿತರು.

“ಅಪ್ಪಾ, ನಾವು ನಿನ್ನವರು. ಕೈ ಬಿಡಬೇಡ. ಆಮೆನ್,” ಎಂದು ಆತ ಕುಳಿತುಬಿಟ್ಟ. ಹಾಡಿನ ಪುಟ ಇನ್ನೂ ಹುಡುಕುತ್ತಿದ್ದ ಹಾರ್ಮೋನಿಯಂನವರು ತಬ್ಬಿಬ್ಬಾದರು.

ಮನೆಗೆ ನಡೆದು ಬರುವಾಗ, ಮಾತು ಬಂದಿದೆಯಲ್ಲ, ಮತ್ತೇಕೆ ಇಷ್ಟು ಚುಟುಕು ಎಂದು ಹೆಂಡತಿ ಕೇಳಿದಳು.

“ಮುಂಚೆ ಅರ್ಧಕ್ಕರ್ಧ ಮಾತು ಜನ ಕೇಳ್ಲಿ ಅಂತ ಹೇಳ್ತಿದ್ದೆ ಕಣೆ,” ಎಂದ.

“ಗೊತ್ತಿತ್ತು,” ಎಂದಳು ಆಕೆ.

ಗೊತ್ತಿದ್ದೂ ಏಕೆ ಹೇಳಲಿಲ್ಲ ಎಂದು ಆತ ಕೇಳಲಿಲ್ಲ. ಆಕೆಯ ಚೀಲವನ್ನು ಎಡಗೈಗೆ ತೆಗೆದುಕೊಂಡು ಜೊತೆಗೆ ನಡೆದ.